ಹಾರ್ಮೋನಿಯಂ ಮೇಲಿನ ಕೆಂಪು ಚುಕ್ಕೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಅಕ್ಕನ ಆಶೀರ್ವಾದ. ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತಾ? ಊರಿಗೆಲ್ಲ ಬೇಯಿಸಿ ಹಾಕುವವನು ತಾನು ಉಣ್ಣುವುದನ್ನೇ ಮರೆಯುತ್ತಾನೆ ಎಂದು ನಿನ್ನ ಭಾವ ನಗುತ್ತಾರೆ. ಬೆಳಗ್ಗೆ ದೀಪ ಹಚ್ಚುವಾಗ ಸಮುದ್ರದ ಮೇಲಿರುವವರನ್ನೆಲ್ಲ ಸೇರಿಸಿ ಕೈ ಮುಗಿಯುತ್ತೇನೆ. ನಿನ್ನೊಬ್ಬನನ್ನೇ ಕಾಪಾಡು ಎಂದರೆ ದೇವರು ಏನೆಂದುಕೊಂಡಾನು!

ನಾವೆಲ್ಲ ಕ್ಷೇಮ. ನಿನ್ನ ಭಾವನ ಹೊಲಿಗೆ ನಡೆದಿದೆ; ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದೂ ನಡೆದಿದೆ. ದೊಡ್ಡ ಸುದ್ದಿ ನಮ್ಮ ಗುಬ್ಬಿಯದು. ಬರುವ ತಿಂಗಳ ಮೊದಲ ಭಾನುವಾರ ರಂಗಮಂದಿರದ ಗಾಯಕರ ತಂಡಕ್ಕೆ ಅವಳನ್ನು ಹಾಡಿಸಿ ನೋಡುತ್ತಾರೆ. ಒಪ್ಪಿದರೆ ಹಾಡುವುದೇ ಅವಳ ಕೆಲಸ. ಮಗಳು ಹಾಡಿ ಅನ್ನ ಉಣ್ಣುವುದು ನಮ್ಮ ಮನೆತನದಲ್ಲಿ ಇದೇ ಮೊದಲು.

ಆದರೆ ಅವಳ ಗಂಟಲು ಕೈಕೊಡುತ್ತಿದೆ ಕಣೋ. ಮೊದಲ ಸಲ ಹಡಗು ಹತ್ತುವಾಗ ನೀನು ಹಾರ್ಮೋನಿಯಂನ ಒಂದು ಕರಿ ಕೀಲಿಮನೆಯ ಮೇಲೆ ಉಗುರುಬಣ್ಣದ ಚುಕ್ಕೆ ಇಟ್ಟು, “ಇದೇ ನಿನ್ನ ಶ್ರುತಿ ಗುಬ್ಬಿ, ಇದಕ್ಕಿಂತ ಕೆಳಗಿಳಿದರೆ ನನ್ನಾಣೆ” ಅಂದಿದ್ದೆಯಲ್ಲ? ಆಗ ಅವಳು ನನ್ನ ಸೊಂಟಕ್ಕೆ ಬರುತ್ತಿದ್ದಳು. ಈಗ ನನ್ನ ತಲೆಯ ಮೇಲಿಂದ ಕೈ ಹಾಕಿ ಕಪಾಟಿನ ಡಬ್ಬಿ ತೆಗೆಯುತ್ತಾಳೆ. ದನಿ ಬಲಿತು ತುಂಬಿದೆ, ತುಸು ತಗ್ಗಿದೆ. “ಶ್ರುತಿ ಎರಡು ಮನೆ ಕೆಳಗಿಟ್ಟು ಹಾಡಿಸೀಮ್ಮಾ. ಹೀಗೇ ಎಳೆದರೆ ಇರೋ ಗಂಟಲೂ ಹೋಗುತ್ತೆ” ಎಂದರು ಸಂಗೀತದ ಟೀಚರು. ನಿಜವೇ. ಮೊನ್ನೆ ಬಟ್ಟೆ ಒಣಹಾಕುತ್ತ ತಗ್ಗಿದ ದನಿಯಲ್ಲಿ ಗುನುಗುತ್ತಿದ್ದಳು. ಹಿಂಡಿದ ಸೀರೆ ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ಹಾರ್ಮೋನಿಯಂ ಮುಂದೆ ಕೂತಳೋ, ಮತ್ತೆ ಅದೇ ಕೆಂಪು ಚುಕ್ಕೆ. ಮೇಲೇರಿ ದನಿ ಒಡೆದ ಕೂಡಲೇ ನಿನ್ನ ಭಾವ ಮಷೀನನ್ನು ಜೋರಾಗಿ ತುಳಿಯುತ್ತಾರೆ, ಕೇಳಿಸಲೇ ಇಲ್ಲ ಅನ್ನುವ ಹಾಗೆ. ಸೂಜಿಯ ಕೆಳಗೆ ಬಟ್ಟೆ ಇಲ್ಲದಿದ್ದರೂ ತುಳಿಯುತ್ತಾರೆ.

“ಮಾವ ತಮಾಷೆಗೆ ಅಂದದ್ದು ಕಣೇ” ಎಂದೆ. “ಮಾವ ನೀರಿನ ಮೇಲಿದ್ದಾನಮ್ಮ. ಏನಾದರೂ ಹೆಚ್ಚುಕಮ್ಮಿ ಆದರೆ?” ಎಂದಳು. ದಿನಾ ದೇವರ ಮುಂದೆ ಕೂರುವವಳು ಆಣೆಯನ್ನು ಹೇಗೆ ತಳ್ಳಿಹಾಕಲಿ?

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಗಾಳಿಗೆ ತಲೆ ಒಡ್ಡಬೇಡ. ಭಾವ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದರು. ಎಲ್ಲರನ್ನೂ ಕಾಯುವವನು ನಿನ್ನ ಬೆನ್ನಿಗಿರಲಿ.

ಇಂತು,
ನಿನ್ನ ಅಕ್ಕ

ಇನ್ನೊಂದು ಮಾತು: ಅಂಚೆಯ ಹೊತ್ತಾಯಿತು, ಗೀಚುತ್ತಿದ್ದೇನೆ. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಆ ಚುಕ್ಕೆ ಕೆರೆದು, ಎರಡು ಮನೆ ಕೆಳಗೆ ಹೊಸದು ಇಟ್ಟೆ. ಪಾಪ ಬಂದರೆ ನನಗೇ ಬರಲಿ. ಅವಳು ನೋಡಿದಳು, ಹಾಡದೆ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿದಳು. ಆಣೆ ಇಟ್ಟವನೇ ಬಿಡಿಸಬೇಕು ತಮ್ಮಾ. ಫೋನಿನಲ್ಲಿ ನಾನು ಇದನ್ನೆಲ್ಲ ಹೇಳಲಾರೆ, ಪಕ್ಕದಲ್ಲೇ ನಿಂತಿರುತ್ತಾಳೆ. ದಡ ಸೇರಿದ ಕೂಡಲೇ ಫೋನ್ ಮಾಡಿ, ನನ್ನ ಮಂಡಿನೋವು ಕೇಳುವ ಮೊದಲು ಅವಳನ್ನು ಕರೆ. “ಇಳಿ ಗುಬ್ಬಿ, ನಾನು ಚೆನ್ನಾಗಿದ್ದೀನಿ” ಅನ್ನು. ಅಷ್ಟು ಸಾಕು.