ಅರಿಶಿನದ ಹಾಡಿಗೆ ಯಾರ ಹೆಸರು?

ಶಿಕಾರಿಪುರ
ಭಾನುವಾರ, 9 ಫೆಬ್ರವರಿ 2025

ಪ್ರೀತಿಯ ದ್ಯಾಮಮ್ಮ ಚಿಕ್ಕಮ್ಮನಿಗೆ,

ನಿನ್ನ ಮಾಂತೇಶನ ನಮಸ್ಕಾರ. ಮಂಡಿನೋವು ಹೇಗಿದೆ? ಮಾತ್ರೆ ನುಂಗುತ್ತಿದ್ದೀಯೋ, ಸೆರಗಿನ ತುದಿಗೆ ಕಟ್ಟಿಟ್ಟುಕೊಳ್ಳುತ್ತಿದ್ದೀಯೋ? ಸೊರಬದಲ್ಲಿ ಇನ್ನೂ ಚಳಿಯಂತೆ, ಕಾಲುಚೀಲ ಹಾಕಿಕೋ. ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಹೊರಟರೆ ನೀನು ಅರ್ಧಕ್ಕೇ ಮಗಳ ಕೈಗೆ ಕೊಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಸುಮಾ, ಅಮ್ಮನಿಗೆ ಓದಿ ಹೇಳುವಾಗ ಮಧ್ಯೆ ನಿನ್ನ ಮಾತು ಸೇರಿಸಬೇಡ ಮಾರಾಯ್ತಿ.

ನನ್ನ ಮಗಳು ಸುಷ್ಮಿತಾಳ ಅರಿಶಿನ ಶಾಸ್ತ್ರಕ್ಕೆ ಅಜ್ಜಿಯ ಹಾಡೇ ಬೇಕಂತೆ. ಅಮ್ಮ ಈಗಿಲ್ಲ. ನೀನಂತೂ ಊಟದ ಹೊತ್ತಿಗೆ ಬರುತ್ತೇನೆ, ಶಾಸ್ತ್ರಕ್ಕೆಲ್ಲ ಬೇಡ ಎಂದು ಹೇಳಿಕಳಿಸಿದ್ದೀಯ. ಅಕ್ಕನ ಮದುವೆಯಲ್ಲಿ ರೆಕಾರ್ಡ್ ಮಾಡಿಸಿದ ಸಿ.ಡಿ. ಬೀರುವಿನಲ್ಲಿತ್ತು, ಮೇಲೆ ಅಮ್ಮನ ಹೆಸರಿಟ್ಟು 'ವರದಮ್ಮ ಮತ್ತು ಸಂಗಡಿಗರು' ಎಂದು ಸ್ಟುಡಿಯೋದವರ ಬರಹ. ಅದನ್ನು ಪೆನ್‌ಡ್ರೈವಿಗೆ ಇಳಿಸೋಣ ಎಂದರೆ ಈಗಿನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕಲು ಜಾಗವೇ ಇಲ್ಲ. ಮದುಮಗ ಹೇಮಂತನೇ ಹೊರಗಿನಿಂದ ಜೋಡಿಸುವ ಒಂದು ಪೆಟ್ಟಿಗೆ ಕಳಿಸಿಕೊಟ್ಟ. ಹಾಕಿದ್ದೇ ತಡ, ಕಂಪ್ಯೂಟರ್ ತಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ ಯಾವುದೋ ದೇಶದ ಗಿಟಾರಿನವರ ಆಲ್ಬಮ್ ಹೆಸರು, ಫೋಟೋ ತಂದು ಅಂಟಿಸಿತು. ಹಾಡುಗಳ ಉದ್ದ ನೋಡಿ ಇಂಥ ಆಲ್ಬಮ್ಮೇ ಎಂದು ಊಹಿಸುತ್ತದಂತೆ. ಕೇಳಿಸುತ್ತಿರುವುದು ನಮ್ಮ ಸೋಬಾನೆ, ಪರದೆಯ ಮೇಲೆ ಗಡ್ಡ ಬಿಟ್ಟ ನಾಲ್ವರು! ಸಿ.ಡಿ. ತೆಗೆದು, ಒರೆಸಿ, ಮತ್ತೆ ಹಾಕಿದೆ. ಮತ್ತೆ ಅವರೇ ಬಂದರು. ಒಮ್ಮೆ ಉಳಿಸಿಕೊಂಡ ಮಾಹಿತಿಯನ್ನು ನಾವು ತಿದ್ದುವವರೆಗೂ ಅದು ಬಿಡುವುದಿಲ್ಲ ಎಂದು ಸುಷ್ಮಿತಾ ನಕ್ಕಳು. ಸರಿ, ತಿದ್ದಲು ಕೂತೆ. ಆಲ್ಬಮ್, ಹಾಡಿನ ಹೆಸರು, ಹಾಡಿದವರು, ಎಲ್ಲಕ್ಕೂ ಒಂದೊಂದು ಖಾನೆ. ಹಾಡಿದವರ ಕಡೆ ಉದ್ದಕ್ಕೂ ವರದಮ್ಮ ಎಂದು ತುಂಬಿದೆ.

ಸರಿಯಾಗಿದೆಯೇ ಎಂದು ಹಾಡು ಹಾಕಿ ನೋಡಿದಾಗ ತಲೆ ಕೆಟ್ಟುಹೋಯಿತು. ಅರಿಶಿನದ ಹಾಡಿನ ನಡುವೆ ಅಮ್ಮ ಮೈಕಿನ ಪಕ್ಕದಲ್ಲೇ ಗದರುತ್ತಿದ್ದಾಳೆ: "ಎಣ್ಣಿ ಬಟ್ಲು ಎಲ್ಲಿಟ್ರೇ? ಹೊತ್ತಾತು, ತರ್ರೇ." ಹಾಡು ಮಾತ್ರ ನಿಂತಿಲ್ಲ. ಒಂದೇ ಬಾಯಲ್ಲಿ ಗದರುವುದೂ ಹಾಡುವುದೂ ಹೇಗೆ? ಇಳಿಸುವಾಗ ಎರಡು ಹಾಡು ಕಲೆತುಹೋದವೇನೋ ಎಂದು ಮತ್ತೆ ಇಳಿಸಿದೆವು, ಹಾಗೇ ಇತ್ತು. ಕಿವಿಗೊಟ್ಟು ಕೇಳಿದರೆ ಅಮ್ಮ ಮೊದಲ ಸಾಲು ಎತ್ತಿಕೊಡುತ್ತಾಳೆ ಅಷ್ಟೇ, ಮುಂದೆ ನಡೆಸುವ ದನಿ ಗೋಡೆಯ ಆಚೆಯಿಂದ ಬರುತ್ತಿದೆ. ಅಕ್ಕನ ಮದುವೆ ಆದದ್ದು ಚಿಕ್ಕಪ್ಪ ತೀರಿಕೊಂಡ ಮರುವರ್ಷ. ಗಂಡನಿಲ್ಲದವಳು ಶಾಸ್ತ್ರದ ಚಾಪೆಗೆ ಬರಬಾರದೆಂದು ನೀನು ಅಡುಗೆಮನೆಯಲ್ಲಿದ್ದೆ. ನಿಮ್ಮಿಬ್ಬರ ದನಿ ಒಂದೇ ಥರ, ಚಪ್ಪರದಲ್ಲಿದ್ದವರೆಲ್ಲ ಅಮ್ಮನನ್ನೇ ಹೊಗಳಿದರು. ಅಮ್ಮ ಯಾಕೆ ಸುಮ್ಮನಿದ್ದಳೋ, ನೀನಾದರೂ ಯಾಕೆ ಹೇಳಲಿಲ್ಲವೋ, ನನಗೊಂದೂ ತಿಳಿಯದು. ನಿನ್ನ ಹಾಡು ಬೇಕು, ನೀನು ಕಾಣಬಾರದು ಅಂದರೆ ಇದೆಂಥ ಶಾಸ್ತ್ರ ಚಿಕ್ಕಮ್ಮ? ಕೇಳುತ್ತಾ ಅಳು ಬಂದುಬಿಟ್ಟಿತು. ಈಗ ಆ ಖಾನೆಯಲ್ಲಿ ಯಾರ ಹೆಸರು ಬರೆಯಲಿ? ಅಮ್ಮನದನ್ನು ಅಳಿಸಲು ಕೈ ಬರುವುದಿಲ್ಲ. ನಿನ್ನದನ್ನು ಬರೆಯದಿದ್ದರೆ ಆ ಗಡ್ಡದವರನ್ನು ಅಂಟಿಸಿದ ಯಂತ್ರಕ್ಕೂ ನನಗೂ ಏನು ವ್ಯತ್ಯಾಸ? ಇಬ್ಬರದೂ ಇರಲಿ ಎಂದರೆ ಯಾವ ಹಾಡು ಯಾರದೆಂದು ಬಲ್ಲವಳು ನೀನೊಬ್ಬಳೇ.

ಸುಮಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಆರೋಗ್ಯ ಜೋಪಾನ.

ನಿನ್ನ ಮಗ,
ಮಾಂತೇಶ

ತಾ.ಕ.: ಕಾಗದ ಮಡಿಸುವಾಗ ಸುಷ್ಮಿತಾ ಬಂದು ಪೆನ್‌ಡ್ರೈವೇ ಬೇಡ ಎನ್ನುತ್ತಿದ್ದಾಳೆ. ಗುರುವಾರ ಬೆಳಿಗ್ಗೆ ನಾನೇ ಕಾರು ತರುತ್ತೇನೆ, ತಯಾರಾಗಿರು. ನೀನು ಚಾಪೆಯ ಮೇಲೆ ಅವಳೆದುರು ಕೂತು ಹಾಡಬೇಕಂತೆ. ಒಳಗೇ ಇರುತ್ತೇನೆ ಎಂದೆಯಾದರೆ ಅವಳೂ ಅಡುಗೆಮನೆಗೇ ಬಂದು ನಿನ್ನ ಪಕ್ಕದಲ್ಲೇ ಅರಿಶಿನ ಹಚ್ಚಿಸಿಕೊಳ್ಳುತ್ತಾಳಂತೆ. ಬೀಗರಿಗೂ ಹಾಗೇ ಹೇಳಿಬಿಟ್ಟಿದ್ದಾಳೆ.