ಟೈಮ್ ಎಷ್ಟು ಎಂದು ಕೇಳಿದವಳಿಗೆ

ಕೆಂಪು ಕೊಡೆಯ ತಂಗಿಗೆ,

ನಿನ್ನನ್ನು ಏಕವಚನದಲ್ಲೇ ಕರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಒಂದೇ ಕೊಡೆಯ ಕೆಳಗೆ ನಿಂತು ಒಂದೇ ಬಾಟಲಿಯ ನೀರು ಕುಡಿದ ಮೇಲೆ ‘ನೀವು’ ಎನ್ನಲು ಬಾಯಿ ಬರುವುದಿಲ್ಲ. ನಾವು ಊರಿಗೆ ಮರಳಿ ಮೂರು ವಾರವಾಯಿತು. ಬಂದ ದಿನವೇ ಬರೆಯಬೇಕಿತ್ತು. ಕಾಗದ ತೆಗೆದಾಗಲೆಲ್ಲ ಕಣ್ಣು ಮಂಜಾಗಿ ಮಡಚಿ ಇಡುತ್ತಿದ್ದೆ. ಇವತ್ತು ಬೆಳಗ್ಗೆ ಅಂಗಡಿಯಲ್ಲಿ ಒಂದು ಪ್ರಸಂಗ ನಡೆಯಿತು ನೋಡು, ಇನ್ನು ಬರೆಯದೆ ಇರಲಾರೆ.

ಬೇಸಿಗೆಯಲ್ಲಿ ಕೋಟು ಹಾಕಿಕೊಂಡು ಊರು ನೋಡಲು ಬಂದ ಗಡಿಯಾರ ರಿಪೇರಿಯವರನ್ನು ನೀನು ಮರೆತಿರಲಾರೆ. ನಿಮ್ಮ ನಗರದ ಗೋಪುರದ ಗಡಿಯಾರವನ್ನು ತಿಂಗಳ ಕೊನೆಗೆ ನಿಲ್ಲಿಸಿ ಕರೆಂಟಿನದು ಕೂರಿಸುತ್ತಾರೆಂದು ಪೇಪರಿನಲ್ಲಿ ಓದಿದ ದಿನದಿಂದ ನನ್ನ ಗಂಡನಿಗೆ ನಿದ್ದೆ ಇರಲಿಲ್ಲ. ಅವರಿಗೆ ಕೆಲಸ ಕಲಿಸಿದ ಗುರುಗಳು ಆ ಗಡಿಯಾರದ ಬಡಿತವನ್ನು ಮೇಜಿನ ಮೇಲೆ ಬೆರಳಿನಿಂದ ಬಡಿದು ತೋರಿಸುತ್ತಿದ್ದರಂತೆ. ನಲವತ್ತು ವರ್ಷ ಅಂಗೈಯಗಲದ ಗಡಿಯಾರಗಳ ಹೊಟ್ಟೆ ಬಿಚ್ಚಿದ ಮನುಷ್ಯನಿಗೆ, ಆ ದೊಡ್ಡದನ್ನು ಒಮ್ಮೆ ಕಿವಿಯಾರೆ ಕೇಳಬೇಕೆಂಬ ಆಸೆ. “ಬೆಳಗ್ಗೆ ತಂಪಲ್ಲಿ ಆರು ಗಂಟೆದು ಕೇಳೋಣ, ಆರು ಬಡಿತ ಸಾಕು” ಎಂದೆ ನಾನು. “ಗಡಿಯಾರದ ಯೋಗ್ಯತೆ ಗೊತ್ತಾಗೋದು ಹನ್ನೆರಡರಲ್ಲಿ ಕಣೆ. ನಿನಗೇನು ತಿಳಿಯುತ್ತೆ?” ಎಂದು ನನ್ನ ಬಾಯಿ ಮುಚ್ಚಿಸಿದರು.

ಆರು ಜನರ ನಮ್ಮ ಗುಂಪನ್ನು ಗೈಡಾಗಿ ನೀನು ನಡೆಸಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಯಾವ ಬೀದಿಯ ಯಾವ ಪಕ್ಕದಲ್ಲಿ ಎಷ್ಟು ಹೊತ್ತಿನವರೆಗೆ ನೆರಳಿರುತ್ತದೆ ಎಂಬುದು ನಿನಗೆ ಬಾಯಿಪಾಠ. ಒದ್ದೆ ಬಟ್ಟೆಯನ್ನು ಎಲ್ಲರ ಕುತ್ತಿಗೆಗೆ ಸುತ್ತಿಸಿದೆ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸಿದೆ, ಜೊತೆಗೆ ಒಬ್ಬೊಬ್ಬರನ್ನು ಒಂದೊಂದು ಪ್ರಶ್ನೆ ಕೇಳಿದೆ. ಲೆಕ್ಕದ ಮೇಷ್ಟ್ರಿಗೆ ಹದಿಮೂರರ ಮಗ್ಗಿ, ದರ್ಜಿಯವರಿಗೆ ಎದುರು ಹೋಗುವವರ ಅಂಗಿಯ ಅಳತೆ, ನಮ್ಮವರಿಗೆ “ಸರ್, ಟೈಮ್ ಎಷ್ಟು?” ನನ್ನನ್ನು ಮಾತ್ರ ಏನೂ ಕೇಳಲಿಲ್ಲ. ನಾನು ಬಾಯಿ ಮುಚ್ಚಿದ್ದರೆ ತಾನೇ!

ಅವರಂತೂ “ಹತ್ತು ಐವತ್ತೆರಡು, ನಲವತ್ತು ಸೆಕೆಂಡು” ಎಂದು ಎದೆಯುಬ್ಬಿಸಿ ಹೇಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಪ್ರವಾಸದವರನ್ನು ರಂಜಿಸುವ ಆಟ ಎಂದುಕೊಂಡಿದ್ದೆ ನಾನು, ಪೆದ್ದಿ.

ಹನ್ನೆರಡಕ್ಕೆ ಎಲ್ಲರನ್ನೂ ಗ್ರಂಥಾಲಯದ ತಣ್ಣನೆಯ ಹಾಲ್‌ನಲ್ಲಿ ಕೂರಿಸಬೇಕೆಂಬುದು ನಿನ್ನ ಯೋಜನೆ. ಇವರು ಹಟ ಹಿಡಿದರು. ನೀನು ಉಳಿದವರನ್ನು ಅಲ್ಲಿ ಬಿಟ್ಟು, ಕೊಡೆ ಬಿಚ್ಚಿ, ನಮ್ಮಿಬ್ಬರ ಜೊತೆ ಆ ಸುಡುವ ಚೌಕಕ್ಕೆ ಇಳಿದೆ. ಬರಬೇಕೆಂದೇನೂ ಇರಲಿಲ್ಲ, ತಂಗಿ. ನೀನು ಬಂದೆ.

ಈಗ ನಾನು ಒಪ್ಪಿಕೊಳ್ಳಬೇಕಾದ ಮಾತು. ಅವರು ಕೆಲಸಕ್ಕೆ ಕೂತರೆ ಊಟದವರೆಗೆ ನೀರು ಮುಟ್ಟುವವರಲ್ಲ. ಬಿಚ್ಚಿಟ್ಟ ಗಡಿಯಾರದ ಮೇಲೆ ಒಂದು ಹನಿ ಬಿದ್ದರೆ ಮುಗಿಯಿತು. ಆ ಅಭ್ಯಾಸ ರಜೆಯಲ್ಲೂ ಬಿಡಲಿಲ್ಲ. ನೀನು ಬಾಟಲಿ ಕೊಟ್ಟಾಗಲೆಲ್ಲ ತುಟಿ ಒದ್ದೆ ಮಾಡಿಕೊಂಡು ವಾಪಸು ಕೊಡುತ್ತಿದ್ದರು. ನಾನು ನೋಡಿದ್ದೆ, ನಿನಗೆ ಹೇಳಲಿಲ್ಲ. ಜನರ ಮುಂದೆ ಗಂಡನನ್ನು ಮಗುವಿನಂತೆ ಗದರಿಸುವುದು ಹೇಗೆ ಎಂದು ಸುಮ್ಮನಿದ್ದೆ.

ಚೌಕದ ಮಧ್ಯದಲ್ಲಿ “ಕೋಟಾದ್ರೂ ಬಿಚ್ರೀ, ಆರು ಗಂಟೆದೇ ಸಾಕು ಅಂತ ನಾನು ಹೇಳಿದ್ದೇ ಸರಿಯಾಯ್ತಲ್ಲ” ಎಂದೆ. “ಹೌದು, ನೀನು ಹೇಳಿದ್ದೇ ಸರಿ” ಎಂದರು. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆ ಮಾತು ಅವರ ಬಾಯಿಂದ ಬಂದಿರಲಿಲ್ಲ. ನನಗೋ ಸ್ವರ್ಗಕ್ಕೆ ಮೂರೇ ಗೇಣು. ಇನ್ನೊಂದು ಮಾತು ಹೇಳಿದೆ, ಅದಕ್ಕೂ “ನೀನೇ ಸರಿ.” ನಾನು ಹಿಗ್ಗುತ್ತಾ ನಿಂತಿದ್ದೆ. ಅವರು ಬೆವರುವುದನ್ನೇ ನಿಲ್ಲಿಸಿದ್ದು ನನಗೆ ಕಾಣಲಿಲ್ಲ.

ಆಗ ನೀನು ಕೇಳಿದೆ, “ಸರ್, ಟೈಮ್ ಎಷ್ಟು?”

ಅವರು ಕೈಗಡಿಯಾರ ನೋಡಲಿಲ್ಲ. “ಹತ್ತೋ ಹನ್ನೊಂದೋ ಆಗಿರ್ಬೇಕು, ಇರ್ಲಿ ಬಿಡಿ” ಎಂದರು. ಎದುರಿಗೇ ಗೋಪುರದ ಗಡಿಯಾರ ಹನ್ನೆರಡಕ್ಕೆ ಮೂರು ನಿಮಿಷ ತೋರಿಸುತ್ತಿತ್ತು.

ನಿನ್ನ ಮುಖ ಬದಲಾಯಿತು. ಬಿಸಿಲಿಗೆ ಯಾರ ತಲೆ ಮಂಕಾಗುತ್ತಿದೆ ಎಂದು ತಿಳಿಯಲೆಂದೇ ನೀನು ಪ್ರಶ್ನೆ ಕೇಳುತ್ತಿದ್ದದ್ದು ಎಂದು ನನಗೆ ಹೊಳೆದದ್ದು ಆಮೇಲೆ. “ಅಕ್ಕ, ಅವರ ಆ ಕಡೆ ತೋಳು ಹಿಡ್ಕೊಳ್ಳಿ. ಈಗಲೇ!” ಎಂದೆ. ಕೊಡೆಯನ್ನು ಅಲ್ಲೇ ಬಿಸಾಡಿ, ನಿನಗಿಂತ ದುಪ್ಪಟ್ಟು ತೂಕದ ಮನುಷ್ಯನನ್ನು ಅರ್ಧ ಹೊತ್ತು ಅರ್ಧ ಎಳೆದು ಗ್ರಂಥಾಲಯದ ಕಲ್ಲುಹಾಸಿನ ಮೇಲೆ ಮಲಗಿಸಿದೆ. ಕೋಟು, ಅಂಗಿ ಬಿಚ್ಚಿದೆ. ಕಾವಲುಗಾರ ತಂದ ಬಕೆಟ್ಟಿನ ನೀರನ್ನು ಮೈಮೇಲೆಲ್ಲ ಸುರಿದೆ, ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟೆ. ಮೇಷ್ಟ್ರು ಆಂಬುಲೆನ್ಸಿಗೆ ಫೋನ್ ಮಾಡಿದರು, ದರ್ಜಿಯವರು ನಕ್ಷೆಯ ಹಾಳೆಯಿಂದ ಗಾಳಿ ಬೀಸಿದರು. ನಾನು ನೀರು ಕುಡಿಸಲು ಹೋದಾಗ “ಬೇಡ ಅಕ್ಕ, ಪೂರ್ತಿ ಎಚ್ಚರ ಇಲ್ಲದವರಿಗೆ ಕುಡಿಸ್ಬಾರದು” ಎಂದು ಕೈ ಹಿಡಿದೆ. ಹೊರಗೆ ಗಂಟೆ ಬಡಿಯುತ್ತಿತ್ತು. ಯಾರು ಎಣಿಸಿದರು? ನಾನು ಎಣಿಸಿದ್ದು ಅವರ ಉಸಿರನ್ನು.

ಆಸ್ಪತ್ರೆಯ ಡಾಕ್ಟರು “ತಣ್ಣಗೆ ಮಾಡೋ ಕೆಲಸ ಯಾರೋ ಆಗಲೇ ಮಾಡಿದ್ದಾರೆ, ಅದರಿಂದಲೇ ಉಳಿದ್ರು” ಎಂದಾಗ ನೀನು ಬಾಗಿಲ ಬಳಿ ನಿಂತು ನನ್ನ ಚಪ್ಪಲಿ ಹಿಡಿದುಕೊಂಡಿದ್ದೆ. ನಾನು ಬರಿಗಾಲಲ್ಲಿ ಓಡಿದ್ದು ನನಗೇ ಗೊತ್ತಿರಲಿಲ್ಲ.

ಮೂರನೆಯ ದಿನ, ನಿನಗೆ ರಜೆ ಇದ್ದರೂ, ಬೆಳಕು ಹರಿಯುವಾಗಲೇ ಟ್ಯಾಕ್ಸಿ ತಂದು ನಮ್ಮನ್ನು ಚೌಕಕ್ಕೆ ಕರೆದೊಯ್ದೆ. ಕಲ್ಲುಗಳು ಇನ್ನೂ ತಣ್ಣಗಿದ್ದವು. ಬೆಂಚಿನ ಮೇಲೆ ಕೂತು ಆರು ಬಡಿತ ಕೇಳಿದೆವು. ಪ್ರತಿ ಬಡಿತಕ್ಕೂ ಅವರ ಬೆರಳು ಮೊಣಕಾಲಿನ ಮೇಲೆ ಆಡುತ್ತಿತ್ತು. ಮುಗಿದ ಮೇಲೆ ನಿನ್ನ ಬಾಟಲಿ ತೆಗೆದುಕೊಂಡು ಪೂರ್ತಿ ಖಾಲಿ ಮಾಡಿದರು.

ಇನ್ನು ಇವತ್ತಿನ ಪ್ರಸಂಗ. ಅವರು ಕೆಲಸದ ಮೇಜಿನಲ್ಲಿದ್ದರು, ನಾನು ಗಿರಾಕಿಯೊಬ್ಬರ ಕೈಗಡಿಯಾರಕ್ಕೆ ಪಟ್ಟಿ ಹಾಕಿಕೊಡುತ್ತಿದ್ದೆ. ಇದ್ದಕ್ಕಿದ್ದಂತೆ ತಲೆಯೆತ್ತಿ, “ಆರೇ ಸಾಕಾಗಿತ್ತು. ನೀನು ಹೇಳಿದ್ದೇ ಸರಿ” ಎಂದರು.

ಚೌಕದಲ್ಲಿ ಕೇಳಿದ್ದ ಅದೇ ಮಾತು! ಒಳಗೆ ಓಡಿ, ಟವೆಲ್ಲನ್ನು ನೀರಲ್ಲಿ ಅದ್ದಿ, ಗಿರಾಕಿಯ ಎದುರಿಗೇ ಅವರ ತಲೆಯ ಮೇಲೆ ಹಾಕಿ “ಟೈಮ್ ಎಷ್ಟು? ಹೇಳ್ರೀ, ಟೈಮ್ ಎಷ್ಟು?” ಎಂದು ಕೂಗಿದೆ.

ಮೂಗಿನ ತುದಿಯಿಂದ ನೀರು ಸೋರುತ್ತಿತ್ತು. ಬಿಚ್ಚಿಟ್ಟ ಗಡಿಯಾರದ ಮೇಲೂ ಹನಿ ಬಿದ್ದಿತ್ತು. ಅದರ ಗೊಡವೆಗೆ ಹೋಗದೆ ನನ್ನ ಒದ್ದೆ ಕೈ ಹಿಡಿದುಕೊಂಡು ಹೇಳಿದರು: “ಒಂಬತ್ತು ಹದಿನೇಳು, ಐದು ಸೆಕೆಂಡು. ಬಿಸಿಲಲ್ಲ ಕಣೆ. ನಿಜವಾಗ್ಲೂ ನೀನೇ ಸರಿ.”

ನೀನು ನಡೆಯುವ ಬೀದಿಯಲ್ಲೆಲ್ಲ ನಿನ್ನ ತಲೆಯ ಮೇಲೆ ನೆರಳಿರಲಿ, ತಾಯಿ. ಈ ಪೊಟ್ಟಣದಲ್ಲಿರುವ ಹೊಸ ಕೊಡೆ ಅವರೇ ಆರಿಸಿದ್ದು, ಕೆಂಪೇ.

ಮುತ್ತೈದೆಯಾಗಿ ಮನೆಗೆ ಮರಳಿದ,
ನಿನ್ನ ಮಾತುಗುಳಿ ಅಕ್ಕ