ಮೂರು ತಂತಿಯ ತಂಬೂರಿ

ತ್ರಿಪ್ಲಿಕೇನ್, ಚೆನ್ನೈ
೬ ಜನವರಿ ೨೦೨೫

ಪ್ರೀತಿಯ ಊರ್ಮಿಳಕ್ಕಾ,

ಕಣ್ಣಿನ ಆಪರೇಷನ್ ಆದಮೇಲೆ ಹೇಗಿದ್ದೀಯ? ಹನಿ ಹಾಕಿಕೊಳ್ಳುವುದನ್ನು ಮರೆಯಬೇಡ, ಒಲೆಯ ಮುಂದೆ ನಿಲ್ಲಬೇಡ. ಈ ಕಾಗದವನ್ನೂ ಸೊಸೆ ರಚನಾ ಕೈಲಿ ಓದಿಸು. ಅವಳ ಮುಂದೆ ನನ್ನ ಮಾನ ಹೋದರೂ ಚಿಂತೆಯಿಲ್ಲ.

ನಿನ್ನ ಚಿತ್ರಗಳಿಗಾಗಿಯೇ ಏರ್ಪಡಿಸಿದ್ದ ಕಛೇರಿ ನಿನ್ನೆ ಸಂಜೆ ಚೆನ್ನಾಗಿ ನಡೆಯಿತು. ವೇದಿಕೆಯ ಮೇಲೆ ನಿನ್ನ ಏಳು ಚಿತ್ರ, ಒಂದೊಂದಕ್ಕೂ ಒಂದೊಂದು ರಾಗ. ಸಭಾಂಗಣ ತುಂಬಿ ಜನ ಬಾಗಿಲಲ್ಲಿ ನಿಂತಿದ್ದರು. ನಿನ್ನ ಪರವಾಗಿ ಶಾಲು ಹೊದಿಸಿಕೊಂಡವಳು ನಾನು. ಹೊಟ್ಟೆ ಉರಿಯಿತು ಅಕ್ಕಾ, ಸುಳ್ಳೇಕೆ ಹೇಳಲಿ? ಹನ್ನೆರಡು ವರ್ಷ ಸಂಗೀತ ಕಲಿತವಳು ನಾನು. ನಿನಗೋ ಶ್ರುತಿ ಯಾವುದು, ಫ್ಯಾನಿನ ಸದ್ದು ಯಾವುದು ಎಂದು ಗೊತ್ತಾಗದು. ಆದರೂ ಕಛೇರಿ ನಿನಗೆ. ನಾನು ಮೊದಲ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕಿದೆ, ಅಷ್ಟೇ.

ಕೊನೆಯದು, ತಂಬೂರಿ ಹಿಡಿದು ಮುಖ ಆಚೆ ತಿರುಗಿಸಿ ಕೂತ ಹುಡುಗಿಯ ಚಿತ್ರ. ಪಕ್ಕದಲ್ಲಿದ್ದ ಮೊಮ್ಮಗಳು ತೇಜು ನೋಡಿದ ಕೂಡಲೇ, "ಅಜ್ಜೀ, ಇದು ನೀ ತಾನೇ?" ಎಂದು ತನ್ನ ತಮಿಳಿನಲ್ಲಿ ಜೋರಾಗಿ ಕೇಳಿಬಿಟ್ಟಳು. ಆ ತಂಬೂರಿಗೆ ಮೂರೇ ತಂತಿ. ಹಾಡಿದಾಕೆ, ನಾಲ್ಕನೆಯದನ್ನು ಕಲಾವಿದೆ ಬೇಕೆಂದೇ ಬಿಟ್ಟಿದ್ದಾರೆ, ಅದು ಕಿವಿಗೆ ಕೇಳದ ನಾದ ಎಂದು ವಿವರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನನಗೆ ನಗುವೂ ಬಂತು, ಅಳುವೂ ಬಂತು. ನೀನು ಅದನ್ನು ಬರೆದ ಬೇಸಿಗೆಯಲ್ಲಿ ನನ್ನ ತಂಬೂರಿಯ ನಾಲ್ಕನೆಯ, ಮಂದ್ರದ ತಂತಿ ಹರಿದಿತ್ತಲ್ಲ, ನೆನಪಿಲ್ಲವೇ? "ಈ ತಿಂಗ್ಳು ಊರ್ಮಿಳಾಗೆ ಬಣ್ಣ ತಂದ್ಬಿಡೋಣ ಕಣೇ, ನಿನ್ ತಂತಿ ಆಮೇಲ್ ನೋಡೋಣ" ಎಂದಿದ್ದರು ಅಪ್ಪ. ಆ ಆಮೇಲೆ ಬರಲೇ ಇಲ್ಲ. ಪಾಠ ನಿಂತಿತು, ಮದುವೆಯಾಯಿತು, ತಂಬೂರಿ ಅಟ್ಟ ಸೇರಿತು. ನಾನು ಮುನಿಸಿಕೊಂಡು ಕೂತಿದ್ದನ್ನು ನೀನು ಅದೇ ಹೊಸ ಬಣ್ಣದಲ್ಲಿ ಚಿತ್ರವಾಗಿ ಬರೆದೆ. ಈಗ ಊರೆಲ್ಲ ಕೊಂಡಾಡುತ್ತಿದೆ.

ಇರಲಿ. ಶಾಲು, ಅವರು ಕೊಟ್ಟ ಫಲಕ ಎಲ್ಲ ಜೋಪಾನವಾಗಿವೆ. ಮುಂದಿನ ವಾರ ಮಗ ಅನಿಲ್ ಮೈಸೂರಿಗೆ ಬರುವಾಗ ಕಾರಿನಲ್ಲಿ ತರುತ್ತಾನೆ. ಭಾವನವರಿಗೆ ನಮಸ್ಕಾರ, ರಚನಾಗೆ ಆಶೀರ್ವಾದ.

ನಿನ್ನ ಮೇಲೆ ಇವತ್ತಿಗೂ ಮುನಿದಿರುವ ತಂಗಿ,
ವಿನೋದಾ

ಹೇಳುವುದೇ ಬಿಟ್ಟುಹೋಗಿತ್ತು: ಅನಿಲನ ಜೊತೆ ಬರುವುದು ಆರೇ ಚಿತ್ರ. ಏಳನೆಯದನ್ನು ಕೊಡುವುದಿಲ್ಲ, ನಮ್ಮ ಹಜಾರದಲ್ಲಿ ಮೊಳೆ ಹೊಡೆದಾಯಿತು. ಇವತ್ತು ಬೆಳಿಗ್ಗೆ ತಂಬೂರಿಯನ್ನು ಅಟ್ಟದಿಂದ ಇಳಿಸಿ, ಮೈಲಾಪುರಕ್ಕೆ ಒಯ್ದು ನಾಲ್ಕನೆಯ ತಂತಿ ಹಾಕಿಸಿದೆ. ಷಡ್ಜ ಹಿಡಿದರೆ ಗಂಟಲು ಒಡೆಯುತ್ತದೆ, ಆದರೂ ಬಿಡುವುದಿಲ್ಲ. ಕಣ್ಣು ವಾಸಿಯಾದ ಮೇಲೆ ಬಾ. ಬಣ್ಣದ ಪೆಟ್ಟಿಗೆ ತರಬೇಡ. ಈ ಸಲ ನನ್ನೆದುರು ಸುಮ್ಮನೆ ಕೂತು ಕೇಳು.